ಬದಲಾಯಿಸದ ಬಲ್ಬು

ಆ ಬೀದಿಯಲ್ಲಿ ಕತ್ತಲಾಗುತ್ತಿದ್ದದ್ದು ಸೂರ್ಯ ಮುಳುಗಿದ್ದರಿಂದಲ್ಲ, ಪಂಪ್‌ಹೌಸಿನ ಸ್ವಿಚ್ಚಪ್ಪ ಕೆಲಸ ಮುಗಿಸಿ ಮನೆಗೆ ಬಂದದ್ದರಿಂದ. ಅವನ ಬಲಗೈ ತೋರುಬೆರಳಿಗೆ ಸ್ವಂತ ಬುದ್ಧಿಯಿತ್ತು. ಮೈ ಬಾಗಿಲು ದಾಟುವ ಮೊದಲೇ ಬೆರಳು ಗೋಡೆ ಹುಡುಕಿಕೊಂಡು ಹೋಗಿ ಸ್ವಿಚ್ಚನ್ನು ಒತ್ತಿ ಬಂದಿರುತ್ತಿತ್ತು. ತನ್ನ ಮನೆ, ಪರರ ಮನೆ ಎಂಬ ಭೇದ ಆ ಬೆರಳಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಕ್ಷೌರದಂಗಡಿಯಿಂದ ಹೊರಡುವಾಗ ಅಭ್ಯಾಸಬಲದಿಂದ ಅಲ್ಲಿಯ ದೀಪವನ್ನೂ ಆರಿಸಿಬಿಟ್ಟ. ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಅರ್ಧ ಮೀಸೆ ಆ ಕ್ಷಣವೇ ಹಾರಿಹೋಯಿತು. ಆ ಮನುಷ್ಯ ಉಳಿದರ್ಧ ಮೀಸೆಯನ್ನು ಹೊತ್ತುಕೊಂಡು, ಮುಖದ ಒಂದೇ ಪಕ್ಕವನ್ನು ಜಗತ್ತಿಗೆ ತೋರಿಸುತ್ತಾ ಹಬ್ಬಗಿಬ್ಬ ಎಲ್ಲ ಕಳೆಯುವ ತನಕ ಬದುಕಿದ್ದನ್ನು ಬೀದಿಗೆ ಬೀದಿಯೇ ಕಂಡಿದೆ.

ಇದೆಲ್ಲ ಜಿಪುಣತನದಿಂದ ಹುಟ್ಟಿದ್ದಲ್ಲ. ಹೊಳೆಯ ನೀರನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸುವ ಪಂಪನ್ನು ನೋಡಿಕೊಳ್ಳುವುದು ಸ್ವಿಚ್ಚಪ್ಪನ ಕೆಲಸ. ಸಂಜೆ ಊರಿನವರೆಲ್ಲ ಒಟ್ಟಿಗೆ ದೀಪ, ಫ್ಯಾನು, ಹೀಟರು ಹಚ್ಚಿದರೆ ಕರೆಂಟು ಸೊರಗುತ್ತಿತ್ತು, ಪಂಪು ದಮ್ಮಿನ ರೋಗಿಯ ಹಾಗೆ ಏದುಸಿರು ಬಿಡುತ್ತಿತ್ತು, ಗುಡ್ಡದ ಮೇಲಿನ ಮನೆಗಳ ನಲ್ಲಿಗಳು ಉಸ್ಸೆಂದು ಒಂದಿಷ್ಟು ಗಾಳಿ ಕಾರಿ ಸುಮ್ಮನಾಗುತ್ತಿದ್ದವು. ಅಲ್ಲಿಯ ಹೆಂಗಸರು ಬಿಂದಿಗೆ ಹೊತ್ತು ಗುಡ್ಡ ಹತ್ತುವುದನ್ನು ಪಂಪ್‌ಹೌಸಿನ ಕಿಟಕಿಯಿಂದ ನೋಡಿ ನೋಡಿ ಅವನ ತಲೆಯಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಕೂತಿತು. ತನ್ನ ಮನೆಯ ಒಂದು ಬಲ್ಬು ಆರಿದರೆ ಗುಡ್ಡದ ಮೇಲೆ ಒಂದು ಮಗು ಸ್ನಾನ ಮಾಡುತ್ತದೆ. ಎರಡು ಆರಿದರೆ ಅವರ ಎಮ್ಮೆಯೂ ಮಾಡುತ್ತದೆ. ಹೀಗೆ ಹೇಳುತ್ತಾ ಹೇಳುತ್ತಾ, ಗುಡ್ಡದ ಮೇಲೆ ಇಡೀ ಕೇರಿ ಬದುಕಿರುವುದೇ ತನ್ನ ತೋರುಬೆರಳಿನಿಂದ ಎಂದು ಅವನು ನಂಬಿಬಿಟ್ಟಿದ್ದ. ಅಲ್ಲಿ ಒಂದು ಹೂಗಿಡ ಚಿಗುರಿದರೂ, ಅದು ನಮ್ಮ ಅಡುಗೆಮನೆ ದೀಪ ಕಣ್ರೀ ಎನ್ನುತ್ತಿದ್ದ.

ಮನೆಯೊಳಗಿನ ಕಾನೂನುಗಳನ್ನು ಕೇಳಿದರೆ ಜೈಲಿನವರೂ ಮೂಗಿನ ಮೇಲೆ ಬೆರಳಿಡಬೇಕು. ಫ್ರಿಜ್ಜಿನ ಬಾಗಿಲು ದಿನಕ್ಕೊಮ್ಮೆ ಮಾತ್ರ ತೆರೆಯಬೇಕು. ಏನೇನು ಬೇಕೆಂದು ಮೊದಲೇ ಬಾಯಿಪಾಠ ಮಾಡಿಕೊಂಡು, ಕಳ್ಳನ ಹಾಗೆ ಕೈ ಹಾಕಿ, ಉಸಿರು ಬಿಡುವುದರೊಳಗೆ ಮುಚ್ಚಬೇಕು. ಬೇಳೆ ಅರ್ಧ ಬೆಂದ ಕೂಡಲೇ ಒಲೆ ಆರಿಸಿ, ಪಾತ್ರೆಗೆ ಕಂಬಳಿ ಸುತ್ತಿ ಮಗುವಿನ ಹಾಗೆ ಮಲಗಿಸಬೇಕು; ಉಳಿದರ್ಧ ಅದು ತನ್ನ ಬಿಸಿಯಲ್ಲೇ ಬೇಯಬೇಕು. ಬಟ್ಟೆಗೆ ಇಸ್ತ್ರಿಯಿಲ್ಲ, ಹಾಸಿಗೆಯ ಅಡಿಯಲ್ಲಿ ಮಡಿಸಿಟ್ಟು ಮೇಲೆ ಮಲಗಿದರಾಯಿತು. ಸ್ನಾನದ ನೀರು ಮಹಡಿಯ ಮೇಲೆ ಕಪ್ಪು ಬಳಿದ ಡ್ರಮ್ಮಿನಲ್ಲಿ ಬಿಸಿಲು ಕಾಯಿಸಿಕೊಳ್ಳಬೇಕು. ಇವೆಲ್ಲಕ್ಕೂ ಮೇಲಿನ ಕಾನೂನು ಎಂದರೆ, ಎದ್ದು ಹೊರಟ ಕೋಣೆ ಕತ್ತಲಾಗಬೇಕು, ಕೂತ ಕೋಣೆ ಕಾಣುವಷ್ಟೇ ಬೆಳಗಬೇಕು. 'ಕಾಣುವಷ್ಟು' ಎಂದರೆ ಎಷ್ಟು ಎಂಬುದನ್ನು ಸ್ವಿಚ್ಚಪ್ಪನೇ ತೀರ್ಮಾನಿಸುತ್ತಿದ್ದ, ಮತ್ತು ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು.

ಈ ಕಾನೂನಿನಡಿಯಲ್ಲಿ ಬದುಕಿದವರು ಇಬ್ಬರು. ಮಗಳು ಓಡಿಹೋದಳು; ಅಂದರೆ ಮದುವೆಯಾಗಿ ಹೋದಳು, ಆದರೆ ಹೋದ ವೇಗ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹುಡುಗನನ್ನು ನೋಡುವ ಮೊದಲು ಅವನ ಮನೆಯಲ್ಲಿ ಎಷ್ಟು ಟ್ಯೂಬ್‌ಲೈಟು ಎಂದು ಕೇಳಿದವಳು ಅವಳು. ಉಳಿದವಳು ಹೆಂಡತಿ. ಪಕ್ಕದ ಬೀದಿಯ ಟೈಲರ್ ಮಾಸ್ತರಿಗೆ ಮನೆಯಲ್ಲೇ ಕೂತು ಕೋಟುಗಳಿಗೆ ಗುಂಡಿ ಹೊಲಿದುಕೊಡುತ್ತಿದ್ದಳು. ಅವಳು ಗಂಡನ ಕಾನೂನನ್ನು ವಿರೋಧಿಸಲೂ ಇಲ್ಲ, ಹೊಗಳಲೂ ಇಲ್ಲ. ಚಳಿಗಾಲಕ್ಕೆ ಹೊಂದಿಕೊಳ್ಳುವ ಹಾಗೆ ಹೊಂದಿಕೊಂಡಳು. ಗಂಡನ ಬುರುಡೆಗಳನ್ನು ಮಾತ್ರ ಮನಸಾರೆ ಇಷ್ಟಪಡುತ್ತಿದ್ದಳು. ಪಂಪು ಕೆಟ್ಟು ನಿಂತಾಗ ತಾನು ಊದಿ ನೀರು ಹತ್ತಿಸಿದೆ ಎಂದು ಅವನು ಹೇಳಿದ ದಿನ, ಬಾಯಲ್ಲಿದ್ದ ದಾರ ಉಗಿದು, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಎಷ್ಟು ದೂರ ಹತ್ತಿತು ಅಂತ ಕೇಳಿದ್ದಳು. ಅವನು ಹೇಳಿದ್ದನ್ನೆಲ್ಲ ಅವಳು ಅರ್ಧ ನಗುತ್ತಾ, ಅರ್ಧ ನಂಬುತ್ತಾ ಇಟ್ಟುಕೊಳ್ಳುತ್ತಿದ್ದಳು. ಅವರಿಬ್ಬರ ಸಂಸಾರ ಉರಿಯುತ್ತಿದ್ದದ್ದು ಆ ನಗುವಿನಲ್ಲಿ. ಅದಕ್ಕೆ ಕರೆಂಟು ಬೇಕಿರಲಿಲ್ಲ.

ಆ ಕತ್ತಲೆಯೊಳಗೆ ಒಂದು ಕಳ್ಳತನ ನಡೆಯುತ್ತಿತ್ತು. ಸದ್ದಿಲ್ಲದೆ, ನೋವಿಲ್ಲದೆ, ಅಂಚಿನಿಂದ ಚೂರುಚೂರೇ, ಅವಳ ಕಣ್ಣಿನ ಬೆಳಕನ್ನು ಯಾರೋ ಕದ್ದೊಯ್ಯುತ್ತಿದ್ದರು. ಬೇರೆ ಯಾವ ಮನೆಯಲ್ಲಾದರೂ ಆ ಕಳ್ಳ ಒಂದು ತಿಂಗಳೊಳಗೆ ಸಿಕ್ಕಿಬೀಳುತ್ತಿದ್ದ. ಈ ಮನೆಯಲ್ಲಿ ಅವನಿಗೆ ಬಾಗಿಲು ತೆರೆದಿಟ್ಟಿದ್ದರು.

ಯಾಕೆಂದರೆ ಕತ್ತಲಲ್ಲಿ ನಡೆಯುವುದು ಆ ಮನೆಯ ಹೆಮ್ಮೆಯಾಗಿತ್ತು. ನೆಂಟರು ಬಂದರೆ ಸ್ವಿಚ್ಚಪ್ಪ ಸಂಜೆಯ ಹೊತ್ತಿಗೆ ಅವರನ್ನು ಕೂರಿಸಿ, ಇದ್ದೊಂದು ಮಿಣುಕು ದೀಪವನ್ನೂ ಆರಿಸಿ ಪ್ರದರ್ಶನ ಶುರುಮಾಡುತ್ತಿದ್ದ. ಹೆಂಡತಿ ಒಳಗಿನಿಂದ ತುಂಬಿದ ಚಹಾ ಲೋಟಗಳ ತಟ್ಟೆ ಹಿಡಿದು ಬರಬೇಕು, ಒಂದು ಹನಿ ಚೆಲ್ಲದೆ ಪ್ರತಿಯೊಬ್ಬರ ಕೈಗೂ ಲೋಟ ಕೊಡಬೇಕು. ಕೊಡುತ್ತಿದ್ದಳು. ಒಮ್ಮೆ ಅವನ ದೊಡ್ಡಣ್ಣ ಪರೀಕ್ಷೆ ಮಾಡಲೆಂದು ಸದ್ದಿಲ್ಲದೆ ಜಾಗ ಬದಲಾಯಿಸಿ ಕೂತಿದ್ದ. ಅವನ ಉಸಿರು ಎತ್ತ ಇದೆಯೋ ಅತ್ತಲೇ ಲೋಟ ಹೋಯಿತು. ಗುಂಡಿ ಹೊಲಿಯುವಾಗಲೂ ಅಷ್ಟೇ, ಸೂಜಿಯನ್ನು ನಾಲಿಗೆಯ ತುದಿಗೆ ತಾಗಿಸಿ ದಾರ ಪೋಣಿಸುತ್ತಿದ್ದಳು. ಬಾವಲಿಗಳು ಅವಳ ಹತ್ತಿರ ಪಾಠ ಹೇಳಿಸಿಕೊಳ್ಳಲು ಸಾಲಾಗಿ ಬರುತ್ತವೆ ಎಂದು ಸ್ವಿಚ್ಚಪ್ಪ ಕೊಚ್ಚಿಕೊಳ್ಳುತ್ತಿದ್ದ. ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಕತ್ತಲಲ್ಲೇ ನಗುತ್ತಿದ್ದಳು.

ಈ ನಡುವೆ ಬಲ್ಬುಗಳು ಸಣ್ಣವಾಗುತ್ತಾ ಬಂದವು. ಪ್ರತಿ ಸಲ ಹಳೆಯದು ಸುಟ್ಟಾಗ ಸ್ವಿಚ್ಚಪ್ಪ ಅದಕ್ಕಿಂತ ಕಡಿಮೆ ಬೆಳಕಿನದನ್ನು ತಂದು ಹಾಕುತ್ತಿದ್ದ; ಕೆಲವು ಸಲ ಸುಡುವ ತನಕ ಕಾಯುತ್ತಲೂ ಇರಲಿಲ್ಲ. ಹಾಕಿದ ದಿನ ಹೆಂಡತಿ ತಲೆಯೆತ್ತಿ, ಇವತ್ತು ಇನ್ನೂ ಚಿಕ್ಕದು ಹಾಕಿದ್ರಾ ಎನ್ನುತ್ತಿದ್ದಳು. ಅವನು ಮೀಸೆ ತಿರುವುತ್ತಿದ್ದ. ಹಾಗೆ ಇಳಿದು ಇಳಿದು, ಅಂಗಡಿಯಲ್ಲಿ ಸಿಗುವ ಬಲ್ಬುಗಳಲ್ಲೇ ಅತಿ ಚಿಕ್ಕದು ಆ ಹಜಾರದಲ್ಲಿ ತೂಗಿತು. ಹತ್ತಿದೆಯೋ ಇಲ್ಲವೋ ನೋಡಲು ಇನ್ನೊಂದು ಬಲ್ಬು ಬೇಕಾಗುವಂಥದ್ದು. ಅದರ ಕೆಳಗೆ ಇಳಿಯಲು ಇನ್ನು ಮೆಟ್ಟಿಲೇ ಇರಲಿಲ್ಲ.

ಒಂದು ಸಂಜೆ ಅವಳು ಅದೇ ಬಲ್ಬಿನ ಕೆಳಗೆ ಕೋಟು ಹಿಡಿದು ಕೂತವಳು, ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದಳು.

"ರೀ, ಮತ್ತೆ ಬಲ್ಬು ಬದಲಾಯಿಸಿದ್ರಾ?"

ಸ್ವಿಚ್ಚಪ್ಪ ಬದಲಾಯಿಸಿರಲಿಲ್ಲ. ಇಲ್ಲ ಎನ್ನಲು ಬಾಯಿಯನ್ನೂ ತೆರೆದಿದ್ದ. ಆದರೆ ಅವಳ ದನಿಯಲ್ಲಿ ಒಂದು ಬೆರಗಿತ್ತು. ಇಷ್ಟು ವರ್ಷಗಳಲ್ಲಿ ಅವಳು ಅವನ ಕಾನೂನನ್ನು ಕಂಡು ಬೆರಗಾದದ್ದು ಅದೇ ಮೊದಲು. ಕೈಗೆ ಬಂದ ಹೊಗಳಿಕೆಯನ್ನು ಹಿಂದಕ್ಕೆ ಕೊಡುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

"ಮತ್ತೆ? ಇದು ಅಂಗಡೀಲಿ ಸಿಗೋದಲ್ಲ. ನಾನೇ ಹೇಳಿ ತರಿಸಿದ್ದು."

"ಅಬ್ಬ, ಏನು ಮನುಷ್ಯರಪ್ಪ," ಎಂದು ಅವಳು ನಕ್ಕು, ಕೋಟನ್ನು ಇನ್ನಷ್ಟು ಮುಖದ ಹತ್ತಿರ ಹಿಡಿದುಕೊಂಡಳು.

ಆಮೇಲೆ ಹಾಗೆ ಅವಳು ಇನ್ನೂ ಕೆಲವು ಸಲ ಕೇಳಿದಳು. ಒಮ್ಮೆ ಅಡುಗೆಮನೆಯದ್ದು, ಒಮ್ಮೆ ಬಚ್ಚಲಿನದ್ದು. ಪ್ರತಿ ಸಲವೂ ಅವನು ಹೌದು ಎಂದ. ಎರಡನೆಯ ಸಲ ಹೌದು ಎನ್ನುವಾಗ ಮನಸ್ಸಿಗೆ ಸಣ್ಣ ಮುಳ್ಳು ಚುಚ್ಚಿದಂತಾಗಿತ್ತು, ಇವಳಿಗೆ ಯಾಕೆ ಹಾಗೆ ಕಾಣುತ್ತಿದೆ ಎಂದು. ಕರೆಂಟು ಸೊರಗಿರಬೇಕು ಎಂದು ತಾನೇ ಉತ್ತರ ಹೇಳಿಕೊಂಡ. ಇಡೀ ಊರಿನ ಕರೆಂಟಿನ ನಾಡಿ ಹಿಡಿದು ನೋಡುವವನು ಅವನು; ಆ ಸಂಜೆ ಸೊರಗಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮರುದಿನ ಪಂಪ್‌ಹೌಸಿನಲ್ಲಿ ಆ ವಿಶೇಷ ಬಲ್ಬಿನ ಕಥೆಯನ್ನು ಹೇಳಿ ಎಲ್ಲರನ್ನೂ ನಗಿಸಿದ. ಹೇಳಿ ಹೇಳಿ ಅದು ಅವನಿಗೂ ನಿಜವೇ ಆಗಿಬಿಟ್ಟಿತು.

ಸುಳಿವುಗಳು ಬರಲಿಲ್ಲವೆಂದಲ್ಲ, ಬಂದವು. ಟೈಲರ್ ಮಾಸ್ತರು ಒಂದು ದಿನ ಕೋಟು ಹಿಡಿದುಕೊಂಡು ಬಂದರು. ಎಡಗಡೆ ಕಪ್ಪು ಗುಂಡಿ, ಬಲಗಡೆ ಕಡುನೀಲಿ ಗುಂಡಿ. ಅಕ್ಕಾ, ಈ ಕೋಟು ಹಾಕ್ಕೊಂಡ ಗಿರಾಕಿ ಎಡಕ್ಕೆ ತಿರುಗಿದ್ರೆ ಶವಯಾತ್ರೆ, ಬಲಕ್ಕೆ ತಿರುಗಿದ್ರೆ ಮದುವೆ ಎಂದು ಅವರು ತಮಾಷೆಗೇ ಹೇಳಿದರು. ಅವಳು ನಾಚಿಕೊಂಡು ಬಿಚ್ಚಿ ಹೊಲಿದುಕೊಟ್ಟಳು. ಬೇರೆ ಮನೆಯಾಗಿದ್ದರೆ ಮಾಸ್ತರು ಕಣ್ಣು ತೋರಿಸಿಕೊಳ್ಳಿ ಎನ್ನುತ್ತಿದ್ದರೇನೋ. ಅವರು ಸ್ವಿಚ್ಚಪ್ಪನ ಕಡೆ ತಿರುಗಿ, ಸ್ವಲ್ಪ ದೀಪ ಹಾಕಯ್ಯಾ ಮಹರಾಯ ಎಂದರು. ಅವನು ಗುಡ್ಡದ ಮೇಲಿನ ಎಮ್ಮೆಯ ಕಥೆ ಶುರುಮಾಡಿದ. ಮಾಸ್ತರು ಕೈಮುಗಿದು ಹೊರಟರು. ಅಲ್ಲಿಗೆ ಅದು ಮುಗಿಯಿತು.

ಮುಗಿಯದೆ ಉಳಿದದ್ದು ಮಗಳ ಮನೆಯಲ್ಲಿ. ಅವಳು ಹೊಸ ಮನೆಗೆ ಹೋಗಿದ್ದಳು, ಅಪ್ಪ ಅಮ್ಮನನ್ನು ಊಟಕ್ಕೆ ಕರೆದಳು. ಆ ಮನೆಯ ಬೆಳಕನ್ನು ವರ್ಣಿಸುವುದು ಕಷ್ಟ. ಚಾವಣಿಯಲ್ಲಿ ದೀಪ, ಗೋಡೆಯಲ್ಲಿ ದೀಪ, ಕಪಾಟಿನೊಳಗೆ ದೀಪ, ದೀಪಕ್ಕೊಂದು ದೀಪ. ನಡುಮಧ್ಯಾಹ್ನದಲ್ಲೂ ಎಲ್ಲ ಉರಿಯುತ್ತಿದ್ದವು. ಅಲ್ಲಿಯ ಇರುವೆಗಳು ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದವು. ಬಾಗಿಲಲ್ಲೇ ಸ್ವಿಚ್ಚಪ್ಪನ ಬೆರಳು ತುರಿಸತೊಡಗಿತು. ಅಳಿಯ ಮುಂದಾಲೋಚನೆಯಿಂದ ಮಾವನ ಬಲಗೈಗೆ ಶರಬತ್ತಿನ ಲೋಟ ಹಿಡಿಸಿದ.

ಹೆಂಡತಿ ಅವನ ಹಿಂದೆ ಬಂದಳು. ಹಜಾರದ ನಡುವೆ ಒಂದು ಮೋಟು ಸ್ಟೂಲು ಇತ್ತು, ಕೆಂಪನೆಯದು, ಯಾರಿಗೂ ಕಾಣದೆ ಇರಲು ಸಾಧ್ಯವೇ ಇಲ್ಲದಂಥದ್ದು. ಅವಳು ನೇರ ಹೋಗಿ ಅದಕ್ಕೇ ಎಡವಿ, ಮುಗ್ಗರಿಸಿ, ಎರಡೂ ಕೈ ಊರಿ ನೆಲಕ್ಕೆ ಬಿದ್ದಳು.

ಮೊದಲು ನಕ್ಕವನು ಸ್ವಿಚ್ಚಪ್ಪ. ನಮ್ಮವಳಿಗೆ ಬೆಳಕು ಆಗಿಬರೋದಿಲ್ಲ, ಕತ್ತಲಲ್ಲಿ ಬಿಟ್ಟಿದ್ದರೆ ಈ ಸ್ಟೂಲನ್ನು ದಾಟಿ ಆಚೆ ಬೀದಿಗೆ ಹೋಗಿ ಬರುತ್ತಿದ್ದಳು ಎಂದ. ಅಳಿಯನೂ ನಕ್ಕ. ಬಿದ್ದವಳೂ ಮಂಡಿ ಉಜ್ಜಿಕೊಳ್ಳುತ್ತಾ ನಕ್ಕಳು. ನಗದೆ ನಿಂತವಳು ಮಗಳು ಒಬ್ಬಳೇ. ಅವಳು ಅಮ್ಮನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ನೀರಿನ ಲೋಟ ತಂದು ಎದುರಿಗೆ ಹಿಡಿದಳು. ಹಿಡಿದಳು, ಆದರೆ ತಗೋ ಎನ್ನಲಿಲ್ಲ.

ಅಮ್ಮ ಸುಮ್ಮನೆ ಕೂತಿದ್ದಳು. ಮುಖ ಮಗಳ ಕಡೆಗೇ ಇತ್ತು. ಲೋಟ ಒಂದು ಗೇಣು ಪಕ್ಕಕ್ಕಿತ್ತು.

"ಅಮ್ಮಾ, ನನ್ನ ಕೈಲಿ ಏನಿದೆ?"

"ಏನೋ ತಂದಿರ್ತೀಯ. ಕೊಡು."

"ಏನಿದೆ ಹೇಳು."

ಅಮ್ಮ ಗಾಳಿಯಲ್ಲಿ ಕೈ ಚಾಚಿದಳು. ಕತ್ತಲಲ್ಲಿ ದೊಡ್ಡಣ್ಣನ ಉಸಿರು ಹಿಡಿದು ಹೋದ ಕೈ, ಹಾಡುಹಗಲಿನ ಅಷ್ಟೊಂದು ದೀಪಗಳ ನಡುವೆ ಮಗಳ ಮೊಣಕೈಯನ್ನು ತಡವಿ, ಅಲ್ಲಿಂದ ಮೆಲ್ಲಗೆ ಲೋಟದ ತನಕ ಹೋಯಿತು. ಸ್ವಿಚ್ಚಪ್ಪ ಅದನ್ನು ನೋಡಿದ. ಅವನ ಬಾಯಲ್ಲಿದ್ದ ಮುಂದಿನ ತಮಾಷೆ ಅಲ್ಲೇ ಒಣಗಿತು.

ಕಣ್ಣಿನ ಡಾಕ್ಟರು ನಡುವಯಸ್ಸಿನ ಹೆಂಗಸು. ದನಿ ಏರಿಸದೆ, ಅವಸರ ಮಾಡದೆ ಮಾತಾಡುವವರು. ಒಂದಿಡೀ ಬೆಳಗ್ಗೆ ಅವಳ ಕಣ್ಣಿಗೆ ಏನೇನೋ ಹನಿ ಹಾಕಿ, ಯಂತ್ರಗಳ ಮುಂದೆ ಗದ್ದ ಇರಿಸಿ ನೋಡಿದರು. ಆಮೇಲೆ ಮೂವರನ್ನೂ ಕೂರಿಸಿಕೊಂಡು ವಿವರಿಸಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ, ಹಿಂದಿರುವ ನರ ಒಣಗುತ್ತಾ ಬಂದಿದೆ. ಮೊದಲು ಸುತ್ತಲಿನದು ಹೋಗುತ್ತದೆ, ಕೊನೆಗೆ ನಡುವಿನದು. ನೋಯುವುದಿಲ್ಲ, ಕೆಂಪಾಗುವುದಿಲ್ಲ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ಕೀಲಿಕಿಂಡಿಯಷ್ಟು ಉಳಿದಿದೆ, ಅದೂ ಮಸುಕು. ದಿನವೂ ಹನಿ ಹಾಕಿದರೆ ಅದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ.

ಕಡಿಮೆ ಬೆಳಕಿನಲ್ಲಿ ಕೆಲಸ ಮಾಡಿದ್ದಕ್ಕೆ ಹೀಗಾಯಿತೇ ಎಂದು ಮಗಳು ಅಪ್ಪನ ಕಡೆ ನೋಡುತ್ತಲೇ ಕೇಳಿದಳು. ಇಲ್ಲ, ಕತ್ತಲಿಂದ ಈ ಕಾಯಿಲೆ ಬರುವುದಿಲ್ಲ ಎಂದರು ಡಾಕ್ಟರು. ಸ್ವಿಚ್ಚಪ್ಪನ ಎದೆಯ ಮೇಲಿಂದ ಒಂದು ಗುಡ್ಡ ಇಳಿದ ಹಾಗಾಯಿತು. ಡಾಕ್ಟರ ಮುಂದಿನ ಮಾತು ಅದನ್ನು ಎತ್ತಿ ವಾಪಸ್ಸು ಇಟ್ಟಿತು. ಬೇಗ ಗೊತ್ತಾಗಿದ್ದರೆ ಹನಿ ಹಾಕಿ ಬಹುಪಾಲು ಉಳಿಸಬಹುದಿತ್ತು. ಎಲ್ಲ ಮಂಕಾಗಿ ಕಾಣುತ್ತಿದೆ ಎಂದು ಮೊದಲು ಅನ್ನಿಸಿದಾಗಲೇ ಬಂದಿದ್ದರೆ.

"ಬೆಳಕು ಸಾಲ್ತಿಲ್ಲ ಅಂತ ಮೊದಲು ಯಾವಾಗ ಅನ್ನಿಸ್ತು ನಿಮಗೆ?"

"ನಮ್ಮನೇಲಿ ಬೆಳಕು ಸಾಲ್ತಿಲ್ಲ ಅನ್ನೋ ಪದ್ಧತಿ ಇಲ್ಲ ಡಾಕ್ಟ್ರೇ," ಎಂದಳು ಅವಳು, ಗಂಡನನ್ನು ನಗಿಸುವ ದನಿಯಲ್ಲೇ. "ಕಮ್ಮಿ ಆಗ್ತಾ ಬಂದಿದ್ದು ಗೊತ್ತಾಯ್ತು. ಆದ್ರೆ ಇವರು ಬಲ್ಬು ಚಿಕ್ಕದು ಮಾಡ್ತಾ ಇದ್ರಲ್ಲ. ಅದೇ ಅಂದ್ಕೊಂಡೆ."

ಡಾಕ್ಟರು ಸ್ವಿಚ್ಚಪ್ಪನ ಕಡೆ ತಿರುಗಿದರು. ಹೌದೇ ಎಂದು ಕೇಳಲೂ ಇಲ್ಲ, ಬರೇ ನೋಡಿದರು. ಅವಳ ಪ್ರಶ್ನೆಗೆ ತಾನು ಇಲ್ಲ ಎನ್ನಬಹುದಾಗಿದ್ದ ಆ ಸಂಜೆ, ಆ ಕೋಟು, ಕತ್ತೆತ್ತಿದ ಅವಳ ಮುಖ, ಎಲ್ಲ ಅವನ ಕಣ್ಣೆದುರು ಬಂದು ನಿಂತವು. ಯಾವಾಗ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಉತ್ತರ ಗೊತ್ತಿದ್ದವನು ಅವನೊಬ್ಬನೇ. ಅವನು ಹೌದೆಂದು ತಲೆಯಾಡಿಸಿದ. ಕೋಣೆಯಿಂದ ಎದ್ದು ಹೊರಡುವಾಗ ಬೆರಳು ಗೋಡೆಗೆ ಹೋಗಿ ಡಾಕ್ಟರ ದೀಪ ಆರಿಸಿತು. ಅವರು ಒಳಗೆ ಕತ್ತಲಲ್ಲಿ ಕೂತೇ ಇದ್ದರು. ಮಗಳು ಹಿಂದಿರುಗಿ ಹೋಗಿ ಅದನ್ನು ಹಾಕಿ ಬಂದಳು.

ಮರುದಿನ ಸ್ವಿಚ್ಚಪ್ಪ ಕೆಲಸಕ್ಕೆ ರಜೆ ಹಾಕಿ ಅಂಗಡಿಗೆ ಹೋದ. ಅಂಗಡಿಯಲ್ಲಿದ್ದ ಅತಿ ದೊಡ್ಡ ದೀಪಗಳನ್ನು ಹೊರಲಾರದಷ್ಟು ಹೊತ್ತು ತಂದ. ಹಜಾರಕ್ಕೆ, ಅಡುಗೆಮನೆಗೆ, ಬಚ್ಚಲಿಗೆ, ಮಂಚದ ಅಡಿಗೆ, ಅಕ್ಕಿಡಬ್ಬದ ನೆತ್ತಿಗೆ, ಎಲ್ಲೆಲ್ಲಿ ತಂತಿ ಎಳೆಯಬಹುದೋ ಅಲ್ಲೆಲ್ಲ ಹಾಕಿದ. ಸಂಜೆ ಎಲ್ಲವನ್ನೂ ಒಟ್ಟಿಗೆ ಹೊತ್ತಿಸಿದಾಗ ಆ ಬೀದಿಯ ಕೋಳಿಗಳು ಬೆಳಗಾಯಿತೆಂದು ಕೂಗಿದವು. ಮೂರು ಬೀದಿಗಳಾಚೆಯ ದೀಪದ ಹುಳುಗಳು ಸಂಸಾರ ಸಮೇತ ವಲಸೆ ಬಂದವು. ಜನ ಬಾಗಿಲಲ್ಲಿ ನಿಂತು, ಸ್ವಿಚ್ಚಪ್ಪನಿಗೆ ತಲೆ ಕೆಟ್ಟಿತೆಂದು ಮಾತಾಡಿಕೊಂಡರು. ವಿಷಯ ತಿಳಿದ ಮೇಲೆ ಚಪ್ಪಲಿಯ ಸದ್ದಾಗದಂತೆ ಮೆಲ್ಲಗೆ ಹಿಂದಕ್ಕೆ ಹೋದರು. ಗುಡ್ಡದ ಮೇಲೆ ಆ ಸಂಜೆ ನೀರು ಬಂತೋ ಇಲ್ಲವೋ ಅವನು ವಿಚಾರಿಸಲಿಲ್ಲ.

ಹೆಂಡತಿಯನ್ನು ಕೈಹಿಡಿದು ತಂದು ಹಜಾರದ ನಡುವೆ ಕೂರಿಸಿದ. ಹೇಗಿದೆ ಎಂದು ಕೇಳಿದ.

"ಬಿಸಿಲಿಗೆ ಬಂದ ಹಾಗಿದೆ," ಎಂದಳು. ಅವನ ಮನಸ್ಸಿಗಾಗಿ ಹೇಳಿದ್ದು. ಅವಳ ಮುಖ ಬಾಗಿಲಿನ ಕಡೆಗಿತ್ತು, ದೀಪವಿಲ್ಲದ ಕಡೆಗೆ.

ಮಗಳು ದಿನವೂ ಬರತೊಡಗಿದಳು. ಹನಿ ಹಾಕುತ್ತಿದ್ದಳು, ಅಡುಗೆ ಮಾಡುತ್ತಿದ್ದಳು. ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು, ಬೈಗುಳೆಲ್ಲ ಅಮ್ಮನ ಪಾಲಿಗೆ. ಒಂದು ಬೆಳಗ್ಗೆ ಸ್ವಿಚ್ಚಪ್ಪ ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು. ಒಂದು ಮಾತು ಹೇಳಬಾರದಿತ್ತಾ, ನನಗಾದರೂ ಹೇಳಬಾರದಿತ್ತಾ, ಕಣ್ಣು ಹೋಗುತ್ತಿದ್ದರೂ ಬಾಯಿಗೆ ಬೀಗ ಹಾಕಿಕೊಂಡು ಕೂತೆಯಲ್ಲ ಎಂದು ಅವಳು ಅಳುತ್ತಾ ಬೈಯುತ್ತಿದ್ದಳು.

"ನಿಮ್ಮಪ್ಪನ್ನ ಅನ್ಬೇಡ," ಎಂದಳು ಅಮ್ಮ. "ಅವರು ಬಲ್ಬು ಚಿಕ್ಕದು ಮಾಡ್ತಾ ಬಂದ್ರು, ಅದೇ ಹೊತ್ತಿಗೆ ನನ್ನ ಕಣ್ಣು ಹೋಗ್ತಾ ಬಂತು. ಯಾವುದು ಯಾವುದು ಅಂತ ನನಗೆ ಬೇರೆ ಮಾಡಕ್ಕಾಗ್ಲಿಲ್ಲ. ನಾನೇ ದಡ್ಡಿ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಸ್ವಿಚ್ಚಪ್ಪ ಅದನ್ನು ನಿಲ್ಲಿಸಲಿಲ್ಲ. ಅವಳು ದಡ್ಡಿಯಲ್ಲ. ಅವಳು ನೋಡಿದ್ದಳು, ಸರಿಯಾಗಿಯೇ ನೋಡಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು, ಒಂದಲ್ಲ ಹಲವು ಸಲ. ಈಗ ಸುಮ್ಮನಿದ್ದರೆ ಅವಳು ಸಾಯುವ ತನಕ ತನ್ನನ್ನೇ ದಡ್ಡಿ ಎಂದುಕೊಂಡು, ಅವನನ್ನು ಕಾಪಾಡುತ್ತಾ ಇರುತ್ತಾಳೆ. ಅದು ಎಷ್ಟು ಸುಲಭ ಎಂಬುದು ಅವನಿಗೆ ಹೊಳೆಯಿತು. ಯಾರಿಗೂ ಗೊತ್ತಾಗುವುದಿಲ್ಲ. ಬಲ್ಬಿಗೆ ಬಾಯಿಲ್ಲ.

ಮಗಳು ಹೋದ ಮೇಲೆ ಅವನು ಅಡುಗೆಮನೆಗೆ ಬಂದ. ಅವಳು ಚಾಪೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಕಾಳುಗಳು ಬಟ್ಟಲಿಗೆ ಬೀಳುವ ಸದ್ದನ್ನು ಕೇಳಿಸಿಕೊಂಡು, ಬೀಳದೆ ಹಾರಿದ್ದನ್ನು ಸದ್ದು ಹಿಡಿದೇ ಹುಡುಕಿ ತರುತ್ತಿದ್ದಳು. ಅವನು ಎದುರಿಗೆ ಕೂತ. ಜೀವಮಾನದಲ್ಲಿ ಯಾವ ಕಥೆಯನ್ನೂ ಹೇಗೆ ಶುರುಮಾಡಬೇಕೆಂದು ಅವನು ಯೋಚಿಸಿದವನಲ್ಲ. ಈಗ ಒಂದು ಬಟಾಣಿ ಸಿಪ್ಪೆ ಎತ್ತಿಕೊಂಡು ಬಿಡಿಸಿದ, ಮತ್ತೆ ಮುಚ್ಚಿದ.

"ಬಲ್ಬು ಬದಲಾಯಿಸಿರ್ಲಿಲ್ಲ," ಎಂದ ಕೊನೆಗೆ.

"ಯಾವ ಬಲ್ಬು?"

"ಅಂಗಡೀಲಿ ಸಿಗಲ್ಲ ಅಂದಿದ್ನಲ್ಲ. ಹೇಳಿ ತರಿಸಿದ್ದು ಅಂದಿದ್ನಲ್ಲ. ಅಂಥದ್ದು ಇರ್ಲೇ ಇಲ್ಲ. ಹಳೇದೇ ಇತ್ತು. ನೀನು ಕೇಳ್ದೆ, ನಾನು ಹೂಂ ಅಂದೆ."

ಅವಳ ಕೈ ನಿಂತಿತು. ಬೆರಳುಗಳ ನಡುವೆ ಅರ್ಧ ಬಿರಿದ ಸಿಪ್ಪೆ ಹಾಗೇ ಇತ್ತು.

"ಅಡುಗೆಮನೇದು?"

"ಅದೂ ಇಲ್ಲ."

"ಬಚ್ಚಲಿನದು?"

ಅವನು ತಲೆಯಾಡಿಸಿದ. ಅದು ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ನೆನಪಾಯಿತು. "ಇಲ್ಲ," ಎಂದ.

ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸುತ್ತಾ ಹೋದರು. ಅವಳು ಬೈಯಲಿ ಎಂದು ಅವನು ಕಾದ. ಬಟ್ಟಲು ಎತ್ತಿ ಎಸೆಯಲಿ ಎಂದು ಕಾದ. ಅವಳು ಏನೋ ಲೆಕ್ಕ ಹಾಕುವವಳ ಹಾಗೆ, ಆ ಸಂಜೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡುವವಳ ಹಾಗೆ ಬಹಳ ಹೊತ್ತು ಕೂತಿದ್ದಳು.

"ಇಲ್ಲ ಅಂದಿದ್ರೆ, ಕಣ್ಣು ಉಜ್ಜಿಕೊಂಡು ಇನ್ನೊಂದು ಸಲ ನೋಡ್ತಿದ್ದೆ," ಎಂದಳು. ಅಷ್ಟೇ. ಆಮೇಲೆ ಸಿಪ್ಪೆ ಬಿಡಿಸಿ ಕಾಳುಗಳನ್ನು ಬಟ್ಟಲಿಗೆ ಹಾಕಿದಳು.

ಅವಳು ಮಗಳಿಗೆ ಹೇಳಲಿಲ್ಲ. ಅವನೇ ಹೇಳಿದ. ಮಗಳು ಆ ವಾರ ಪೂರ್ತಿ ಬರಲಿಲ್ಲ, ಆಮೇಲೆ ಬಂದಳು, ಅಮ್ಮನಿಗೆ ಹನಿ ಹಾಕಬೇಕಾಗಿತ್ತಲ್ಲ. ಮನೆ ಹೊರನೋಟಕ್ಕೆ ಮೊದಲಿನಂತೆಯೇ ನಡೆಯಿತು. ಹೆಂಡತಿ ಮಾತು ಬಿಡಲಿಲ್ಲ, ಊಟ ಬಿಡಲಿಲ್ಲ. ಅವನ ಬೆನ್ನು ನೋವಿಗೆ ಎಣ್ಣೆ ಹಚ್ಚಿದಳು. ನಗುವುದನ್ನೂ ಬಿಡಲಿಲ್ಲ, ಮಗಳ ಮಾತಿಗೆ, ಟೈಲರ್ ಮಾಸ್ತರ ಮಾತಿಗೆ ನಗುತ್ತಿದ್ದಳು. ಬದಲಾದದ್ದು ಒಂದೇ. ಅವನು ಹೇಳಿದ್ದನ್ನು ಅವಳು ಈಗ ಕೈಯಿಂದ ಮುಟ್ಟಿ ನೋಡುತ್ತಿದ್ದಳು. ಮಳೆ ಬರುತ್ತಿದೆ ಎಂದರೆ ಕಿಟಕಿಯಾಚೆ ಅಂಗೈ ಚಾಚುತ್ತಿದ್ದಳು. ಹಾಲು ತಣ್ಣಗಾಗಿದೆ ಎಂದರೆ ಪಾತ್ರೆಯ ಬದಿಗೆ ಬೆರಳು ತಾಗಿಸುತ್ತಿದ್ದಳು. ಬಾಗಿಲು ಹಾಕಿದ್ದೇನೆ ಎಂದರೆ ಎದ್ದು ಹೋಗಿ ಅಗುಳಿ ತಡವಿ ಬರುತ್ತಿದ್ದಳು. ಅವನಿಗೆ ನೋವಾಗಲೆಂದು ಮಾಡುತ್ತಿದ್ದದ್ದಲ್ಲ ಅದು. ಕಾಣದವರು ಮಾಡಲೇಬೇಕಾದದ್ದನ್ನು ಮಾಡುತ್ತಿದ್ದಳು, ಅಷ್ಟೇ.

ಸ್ವಿಚ್ಚಪ್ಪನೂ ಬುರುಡೆ ಹೊಡೆಯುವುದನ್ನು ಬಿಟ್ಟ. ಮೀನು ನೀರು ಬಿಟ್ಟ ಹಾಗೆ ಬಿಟ್ಟ. ಬೀದಿಯಲ್ಲಿ ಏನಾಗುತ್ತಿದೆ ಎಂದು ಅವಳು ಕೇಳಿದರೆ, ಮೊದಲಾಗಿದ್ದರೆ ಒಂದು ನಾಯಿ ಕಂಡಲ್ಲಿ ನಲವತ್ತು ನಾಯಿಗಳ ಮೆರವಣಿಗೆ ಹೊರಡಿಸುತ್ತಿದ್ದ. ಈಗ ಕಿಟಕಿಯಲ್ಲಿ ನಿಂತು, ನೋಡಿ, ಮತ್ತೊಮ್ಮೆ ನೋಡಿ ಹೇಳುತ್ತಿದ್ದ. ಒಂದು ನಾಯಿ. ಕಂದು ಬಣ್ಣದ್ದು. ಮಲಗಿದೆ. ಅವಳು ಹೂಂ ಎನ್ನುತ್ತಿದ್ದಳು. ಆಮೇಲೆ ಏನಾಯಿತು ಎಂದು ಕೇಳುತ್ತಿರಲಿಲ್ಲ.

ಒಂದು ಸಂಜೆ ಅವನ ಅಂಗಿಯ ಗುಂಡಿ ಕಿತ್ತುಬಂತು. ಕೊಡಿ ಇಲ್ಲಿ ಎಂದು ಅವಳು ಕೈ ನೀಡಿದಳು. ಸೂಜಿಗೆ ದಾರವನ್ನು ನಾಲಿಗೆಯಿಂದಲೇ ಪೋಣಿಸಿದಳು. ಬಲಗಣ್ಣಿನ ಉಳಿದ ಚೂರು ಬೆಳಕಿಗೆ ಅಂಗಿಯನ್ನು ಹಿಡಿದು, ಅತ್ತಿತ್ತ ತಿರುಗಿಸಿದಳು.

"ದೀಪ ಹಾಕಿದ್ದೀರಾ?"

"ಹಾಕಿದ್ದೀನಿ."

ಹಜಾರದಲ್ಲಿ ಎಲ್ಲ ದೀಪಗಳೂ ಉರಿಯುತ್ತಿದ್ದವು. ಅವನ ನೆರಳು ಎಲ್ಲೂ ಬೀಳದಷ್ಟು ಬೆಳಕಿತ್ತು. ಅವಳು ಅಂಗಿಯನ್ನು ಪಕ್ಕಕ್ಕಿಟ್ಟು ಎದ್ದಳು. ಗೋಡೆಯನ್ನು ಸವರುತ್ತಾ ಬಾಗಿಲ ಪಕ್ಕಕ್ಕೆ ಹೋದಳು, ಸ್ವಿಚ್ಚುಗಳ ಮೇಲೆ ಬೆರಳಿಟ್ಟು, ಒಂದೊಂದೂ ಯಾವ ಕಡೆಗೆ ವಾಲಿದೆ ಎಂದು ಮುಟ್ಟಿ ಮುಟ್ಟಿ ನೋಡಿದಳು.

"ಹೂಂ," ಎಂದಳು. "ಹಾಕಿದ್ದೀರಿ."

ಮತ್ತೆ ಗೋಡೆ ಹಿಡಿದು ಬಂದು ಕೂತು, ಸೂಜಿ ಎತ್ತಿಕೊಂಡಳು. ಅವನು ಬರಿಮೈಯಲ್ಲಿ ಅಂಗಿಗಾಗಿ ಕಾಯುತ್ತಾ ನಿಂತಿದ್ದ.